ಪ್ರಧಾನಿಗೂ ದಂಡ, ನನ್ನ ಗಂಡನಿಗೂ ದಂಡ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಬ್ರಿಟನ್ನಿನ ಕನ್ನಡಿಗರದು, ಇಲ್ಲವೇ ಮಕ್ಕಳನ್ನು ಇಲ್ಲಿಗೆ ಕಳಿಸಿ ಊರಲ್ಲಿ ಫೋನ್ ಕಾಯುತ್ತಾ ಕೂತವರದು. ಹಾಗಾಗಿ ಬೇರೆಲ್ಲ ಬಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಸಾಗರದ ಕಡೆಯವಳು. 1996ರಲ್ಲಿ ಮದುವೆಯಾಗಿ ಲೆಸ್ಟರ್‌ಗೆ ಬಂದೆ. ಇಲ್ಲಿನ ಒಂದು ಪ್ರೈಮರಿ ಶಾಲೆಯ ಆಫೀಸಿನಲ್ಲಿ 22 ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ವಕೀಲಳಲ್ಲ. ಈ ದೇಶದಲ್ಲಿ ವೀಸಾ ಸಲಹೆ ಕೊಡುವ ಕೆಲಸಕ್ಕೆ ನೋಂದಣಿ ಬೇಕು, ಅದಿಲ್ಲದೆ ಶುರು ಹಚ್ಚಿಕೊಂಡರೆ ಅದೇ ಒಂದು ಅಪರಾಧ. ‘ನಮ್ಮ ಫೈಲ್ ಒಂದು ಸಲ ನೋಡಿ ಅಕ್ಕಾ’ ಅಂತ ಪೇಪರ್ ಕಳಿಸಿದ ಮೂವರೂ ಬೇಜಾರು ಮಾಡ್ಕೋಬೇಡಿ.

ಮಗ ಎಂಎಸ್ಸಿ ಓದೋಕೆ ಬ್ರಿಟನ್ನಿಗೆ ಹೋಗಿದ್ದಾನೆ. ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದಂತೆ. ನಮ್ಮ ದೇಶದವರದೇ ಅಂಗಡಿಯಲ್ಲಿ ಇನ್ನೂ 15 ಗಂಟೆ ಕೆಲಸ ಇದೆ, ಸಂಬಳ ಕೈಗೇ ಕೊಡ್ತಾರೆ, ಲೆಕ್ಕಕ್ಕೆ ಬರಲ್ಲ ಅಂತಾನೆ. ಸಾಲ ಇದೆ ಮೇಡಂ. ಮಾಡಿದರೆ ಏನಾಗುತ್ತೆ?
— ಒಬ್ಬ ತಂದೆ, ತಿಪಟೂರು

ವೀಸಾ ಹೋಗಬಹುದು. ಓದು ಅರ್ಧಕ್ಕೆ ನಿಲ್ಲಬಹುದು. ಸಾಲ ಮಾತ್ರ ಹಾಗೇ ಉಳಿಯುತ್ತದೆ.

‘ನಮ್ಮವರದೇ ಅಂಗಡಿ’ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಒಂದು ದಿನ ಒಬ್ಬ ಹುಡುಗ ನಮ್ಮ ಅಡುಗೆಮನೆಯ ಸ್ಟೂಲ್ ಮೇಲೆ ಕೂತು ಅತ್ತಿದ್ದ. ಏಳು ವಾರದ ಕೂಲಿ ಬಂದಿರಲಿಲ್ಲ. ಗಂಟೆಗೆ 6 ಪೌಂಡ್ ಲೆಕ್ಕ. 21 ದಾಟಿದವರಿಗೆ ಕಾನೂನಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ 12.21 ಪೌಂಡ್ ಆಗಿತ್ತು. ಕೇಳಿದರೆ ಅಂಗಡಿಯವನು ನಗುತ್ತಾ ಹೇಳಿದನಂತೆ: ‘ಹೋಗಿ ಕಂಪ್ಲೇಂಟ್ ಕೊಡು, 20 ಗಂಟೆ ದಾಟಿದ್ದು ನೀನೇ ತಾನೇ?’ ಕೈಗೆ ಕಾಸು ಕೊಡುವವರ ಧೈರ್ಯವೆಲ್ಲ ಅಲ್ಲೇ ಇರೋದು. ಮೊದಲ ಸಲ ಸಿಕ್ಕಿಬಿದ್ದರೆ ಅಂಗಡಿಯವನಿಗೂ, ಒಬ್ಬೊಬ್ಬ ಕೆಲಸಗಾರನ ಲೆಕ್ಕಕ್ಕೆ, 45,000 ಪೌಂಡ್‌ವರೆಗೆ ದಂಡ ಬೀಳಬಹುದು. ಆದರೆ ಅವನು ದಂಡ ಕಟ್ಟಿ ಮತ್ತೆ ಶಟರ್ ಎತ್ತುತ್ತಾನೆ. ನಿಮ್ಮ ಮಗ ವಿಮಾನ ಹತ್ತಬೇಕಾಗುತ್ತದೆ.

ಇನ್ನೆರಡು ವಿಷಯ ಅವನಿಗೆ ಹೇಳಿ. ಒಂದು ವಾರ 10 ಗಂಟೆ, ಮುಂದಿನ ವಾರ 30 ಗಂಟೆ ಮಾಡಿ ಸರಾಸರಿ 20 ಅನ್ನೋ ಹಾಗಿಲ್ಲ. ಸೋಮವಾರದಿಂದ ಭಾನುವಾರಕ್ಕೆ ಒಂದು ಲೆಕ್ಕ. ಬೇಸಿಗೆಯಲ್ಲಿ ಪೂರ್ತಿ ದುಡಿಯಬಹುದು ಅಂತ ಎಂಎಸ್ಸಿ ಹುಡುಗರು ತಿಳಿದಿರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಆ ತಿಂಗಳುಗಳೂ ಓದಿನ ಅವಧಿಯೇ, ರಜೆಯಲ್ಲ.

ಡಿಸೆಂಬರ್ ಎರಡನೇ ವಾರ ಧಾರವಾಡದಲ್ಲಿ ನನ್ನ ತಮ್ಮನ ಮದುವೆ. ಎರಡು ವಾರ ರಜೆ ಕೇಳಿದರೆ ಶಾಲೆಯವರು ಆಗಲ್ಲ ಅಂದರು. ನಾವು ಬಿಳಿಯರಾಗಿದ್ದರೆ ಸುಮ್ನೆ ಬಿಡ್ತಿದ್ದರು ಅನ್ಸುತ್ತೆ. ಮಕ್ಕಳಿಗೆ ಹುಷಾರಿಲ್ಲ ಅಂತ ಹೇಳಿ ಹೋಗಿಬಿಡಲಾ?
— ಇಬ್ಬರು ಮಕ್ಕಳ ತಾಯಿ, ಸ್ಲೌ

ನೀವು ಸರಿಯಾದವಳನ್ನೇ ಹಿಡಿದಿದ್ದೀರಿ. ಈ ಸುಳ್ಳಿನ ಫೋನುಗಳನ್ನು 22 ವರ್ಷ ಎತ್ತಿದವಳು ನಾನು.

ಹುಷಾರಿಲ್ಲ ಅಂತ ಫೋನ್ ಬರುತ್ತಿತ್ತು. ಎರಡು ದಿನ ಬಿಟ್ಟು ನಾವು ವಿಚಾರಿಸೋಣ ಅಂತ ಮಾಡಿದರೆ ರಿಂಗ್ ಬೇರೆ ಥರ ಕೇಳುತ್ತಿತ್ತು. ಫೋನ್ ದೇಶ ದಾಟಿದೆ ಅಂತ ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಎತ್ತಿದರೆ ಹಿಂದೆ ವಾಲಗ! ಆಮೇಲೆ ಮಕ್ಕಳು ಅಂಗೈ ತುಂಬಾ ಮೆಹಂದಿ ಹಾಕ್ಕೊಂಡು, ಬಿಸಿಲಿಗೆ ಕಪ್ಪಾಗಿ ಬಂದು, ‘ಮಿಸ್, ಐ ಸಾ ಆ್ಯನ್ ಎಲಿಫೆಂಟ್’ ಅಂತ ನನಗೇ ವರದಿ ಒಪ್ಪಿಸುತ್ತಿದ್ದವು. ಏನು ಮಾಡಲಿ? ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದರೆ ನನ್ನ ಕೆಲಸ ಹೋಗುತ್ತದೆ.

ಬಿಳಿಯರನ್ನು ಬಿಡ್ತಿದ್ದರು ಅನ್ನೋದು ನಾನು ಕಂಡ ಹಾಗೆ ಸುಳ್ಳು. ನಮ್ಮ ಶಾಲೆಯಲ್ಲಿ ಸ್ಪೇನ್ ಸಮುದ್ರತೀರಕ್ಕೆ ಹೋದವರಿಗೂ ಸೂರತ್ ಮದುವೆಗೆ ಹೋದವರಿಗೂ ಒಂದೇ ನಮೂನೆಯ ಕಾಗದ ಹೋಗುತ್ತಿತ್ತು. ಅಂಟಿಸಿ ಕಳಿಸುತ್ತಿದ್ದವಳು ನಾನೇ. ಮಗಳನ್ನು ಫ್ಲಾರಿಡಾಗೆ ಕರೆದುಕೊಂಡು ಹೋದ ಒಬ್ಬ ಇಂಗ್ಲಿಷ್ ತಂದೆ 120 ಪೌಂಡ್ ದಂಡ ಕಟ್ಟಲ್ಲ ಅಂತ ಹಠ ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದ. 2017ರಲ್ಲಿ ಅಲ್ಲಿ ಅವನ ವಿರುದ್ಧ ತೀರ್ಪು ಬಂತು.

ಇಂಗ್ಲೆಂಡಿನಲ್ಲಿ ಈಗ ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ಒಂದು ಮಗುವಿಗೆ, ಒಬ್ಬೊಬ್ಬ ಪೋಷಕರಿಗೆ 80 ಪೌಂಡ್. ಗಮನಿಸಿ, ಒಬ್ಬೊಬ್ಬರಿಗೆ. ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರು ಅಪ್ಪ ಅಮ್ಮ: 320 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ ಡಬಲ್. ಹೆಡ್ ಟೀಚರಿಗೆ ವಿಶೇಷ ಸಂದರ್ಭ ಅಂತ ಅನುಮತಿ ಕೊಡುವ ಅಧಿಕಾರ ಇದೆ. ಎರಡು ವಾರದ ಬದಲು ಮೂರು ದಿನ ಕೇಳಿ, ಲಗ್ನಪತ್ರಿಕೆ ಜೊತೆಗಿಟ್ಟು ಕೇಳಿ. ಒಡಹುಟ್ಟಿದ ತಮ್ಮನ ಮದುವೆ ಅಂದರೆ ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಒಪ್ಪದಿದ್ದರೆ ದಂಡ ಕಟ್ಟಿ ಹೋಗಿ ಬನ್ನಿ. ನಾನಾಗಿದ್ದರೂ ಹೋಗುತ್ತಿದ್ದೆ. ಸುಳ್ಳು ಮಾತ್ರ ಬೇಡ, ಮಕ್ಕಳ ಬಾಯಲ್ಲಿ ಅದು ಒಂದು ದಿನವೂ ನಿಲ್ಲಲ್ಲ.

ಬ್ರಿಟನ್ನಿನಲ್ಲಿ ವಲಸೆ ಬಂದವರನ್ನು ಪೊಲೀಸರು ಮುಟ್ಟಲ್ಲ, ಬಿಳಿಯರನ್ನು ಮಾತ್ರ ಹಿಡಿದು ಒಳಗೆ ಹಾಕ್ತಾರೆ ಅಂತ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ಹೇಳುವವರೂ ಇದ್ದಾರೆ. ನೀವು ಅಲ್ಲೇ ಇರುವವರು. ಯಾವುದು ನಿಜ?
— ನಿವೃತ್ತ ಮೇಷ್ಟ್ರು, ಹಾಸನ

ಮೇಷ್ಟ್ರೇ, ಮೊದಲು ನಮ್ಮ ಮನೆಯ ಕಥೆ ಕೇಳಿ. 2014ರಲ್ಲಿ ನಮ್ಮ ಯಜಮಾನರು 30 ಮೈಲಿ ಮಿತಿಯ ರಸ್ತೆಯಲ್ಲಿ 36ರಲ್ಲಿ ಹೋದರು. ವಾರದೊಳಗೆ ಮನೆಗೆ ಕಾಗದ: ಆ ದಿನ ಗಾಡಿ ಓಡಿಸುತ್ತಿದ್ದವರು ಯಾರು, ಬರೆದು ಕಳಿಸಿ. ಅವರ ಮೊದಲ ಪ್ರಶ್ನೆ, ‘ಪೊಲೀಸಿನಲ್ಲಿ ಗೊತ್ತಿರೋರು ಯಾರಾದ್ರೂ ಇದಾರಾ?’ ಎರಡನೆಯದು, ‘ನಿನ್ನ ಹೆಸರು ಬರೆಯಲಾ? ನೀನು ಆಫೀಸಿಗೆ ನಡೆದೇ ಹೋಗ್ತೀಯಲ್ಲ.’ ನಾನು ಕ್ರಿಸ್ ಹ್ಯೂನ್ ಹೆಸರು ನೆನಪಿಸಿದೆ. ಆತ ಇಲ್ಲಿ ಇಂಧನ ಮಂತ್ರಿಯಾಗಿದ್ದವರು. ಇಂಥದ್ದೇ ಕಾಗದಕ್ಕೆ ಹೆಂಡತಿಯ ಹೆಸರು ಬರೆಸಿದ್ದರು. ಗಂಡ ಹೆಂಡತಿ ಇಬ್ಬರಿಗೂ 2013ರಲ್ಲಿ ಎಂಟೆಂಟು ತಿಂಗಳು ಜೈಲಾಯಿತು. ನಮ್ಮವರು ತೆಪ್ಪಗೆ ತಮ್ಮ ಹೆಸರು ಬರೆದು, ದುಡ್ಡು ಕಟ್ಟಿ, ನಿಧಾನ ಓಡಿಸುವ ತರಗತಿಗೆ ಹೋದರು. ಅಲ್ಲಿ ಅವರ ಒಂದು ಪಕ್ಕದಲ್ಲಿ ಒಬ್ಬ ಪಾದ್ರಿ, ಇನ್ನೊಂದು ಪಕ್ಕದಲ್ಲಿ ಗಾರೆ ಕೆಲಸದವನು. ಪಾದ್ರಿ ಇದು ಎರಡನೇ ಸಲ ಬಂದಿದ್ದಂತೆ.

ನಮ್ಮ ಹುಬ್ಬಳ್ಳಿ ಅಳಿಯ ರಿಷಿ ಸುನಕ್ ಕಥೆ ನಿಮಗೆ ಗೊತ್ತೇ ಇರಬೇಕು. ಪ್ರಧಾನಿಯಾಗಿದ್ದಾಗಲೇ, 2023ರ ಜನವರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ವಿಡಿಯೋ ಮಾಡಲು ಹೋಗಿ ಬೆಲ್ಟ್ ಬಿಚ್ಚಿದರು. ವಿಡಿಯೋ ಹಾಕಿದ್ದೂ ಅವರೇ. ಲ್ಯಾಂಕಾಶೈರ್ ಪೊಲೀಸರು ದಂಡ ಹಾಕಿದರು. ಅದಕ್ಕೂ ಹಿಂದೆ, 2022ರಲ್ಲಿ, ಕೊರೊನಾ ನಿಯಮ ಮುರಿದದ್ದಕ್ಕೆ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಜೊತೆಗೇ ಅವರಿಗೆ ಒಂದು ದಂಡ ಬಿದ್ದಿತ್ತು.

ಹಾಗಂತ ಇಲ್ಲಿ ರಾಮರಾಜ್ಯ ಇದೆ ಅಂತ ನಾನು ಹೇಳಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪೊಲೀಸರು ರಸ್ತೆಯಲ್ಲಿ ತಡೆದು ಜೇಬು ತಡಕುವುದು ಬಿಳಿಯರಿಗಿಂತ ಕಪ್ಪು ಜನರನ್ನೇ ಜಾಸ್ತಿ, ಜನಸಂಖ್ಯೆಯ ಲೆಕ್ಕದಲ್ಲಿ ಸುಮಾರು ನಾಲ್ಕು ಪಟ್ಟು. ಇದು ಸರ್ಕಾರದ್ದೇ ಲೆಕ್ಕ. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಲಂಡನ್ನಿನ ಬಸ್ ಸ್ಟಾಪಿನ ಹತ್ತಿರ ಇರಿದು ಕೊಂದರು. ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು.

ಇನ್ನೊಂದು ಪಕ್ಕವನ್ನೂ ಮುಚ್ಚಿಡದೆ ಹೇಳಬೇಕಲ್ಲ. ರಾದರಂ ಎಂಬ ಊರಿನಲ್ಲಿ 1997ರಿಂದ 2013ರವರೆಗೆ ಕನಿಷ್ಠ 1,400 ಮಕ್ಕಳು ಲೈಂಗಿಕ ಶೋಷಣೆಗೆ ಸಿಕ್ಕಿದರು ಅಂತ 2014ರ ತನಿಖಾ ವರದಿ ಅಂದಾಜು ಮಾಡಿತು. ಅಲ್ಲಿ ಗುರುತು ಸಿಕ್ಕ ಆರೋಪಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನ ಮೂಲದ ಗಂಡಸರು. ಅವರ ಮೂಲ ಹೇಳಿದರೆ ಜನಾಂಗ ದ್ವೇಷಿ ಅಂದುಬಿಟ್ಟಾರು ಅಂತ ಕೆಲವು ಅಧಿಕಾರಿಗಳು ಹೆದರಿದ್ದರು. ಜೊತೆಗೆ ಅವು ಬಡ ಮನೆಯ, ಅನಾಥಾಲಯದ ಹೆಣ್ಣುಮಕ್ಕಳು, ಅವುಗಳ ಮಾತನ್ನು ನಂಬುವವರೇ ಇರಲಿಲ್ಲ. ನನಗೆ ಆ ಎರಡನೆಯದೇ ಜಾಸ್ತಿ ಉರಿಸುತ್ತದೆ. ಸರ್ಕಾರ ಕೇಳಿದ್ದಕ್ಕೆ 2025ರ ಜೂನ್‌ನಲ್ಲಿ ಲೂಯಿಸ್ ಕೇಸಿ ಕೊಟ್ಟ ವರದಿ ನೋಡಿದರೆ, ದೇಶದ ಲೆಕ್ಕದಲ್ಲಿ ಇಂಥ ಆರೋಪಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರ ಮೂಲವನ್ನು ಬರೆದುಕೊಂಡೇ ಇಲ್ಲ. ಬರೆದುಕೊಳ್ಳದಿದ್ದರೆ ನಿಜವಾಗಿ ಯಾರು, ಎಷ್ಟು ಅನ್ನೋದು ಹೇಗೆ ಗೊತ್ತಾಗಬೇಕು? ತಪ್ಪು ಮಾಡದವರ ಮೇಲೂ ಅನುಮಾನ ಉಳಿಯುತ್ತದೆ, ಮಾಡಿದವನೂ ಅದೇ ಮರೆಯಲ್ಲಿ ನುಸುಳುತ್ತಾನೆ.

ಈಗ ನಿಮ್ಮ ವಾಟ್ಸಾಪಿಗೆ ಬರೋಣ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನ ಡ್ಯಾನ್ಸ್ ಕ್ಲಾಸಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ವೀಸಾ ಇಲ್ಲದೆ ಸಮುದ್ರ ದಾಟಿ ದೋಣಿಯಲ್ಲಿ ಬಂದವನು ಅಂತ ಸುದ್ದಿ ಹಬ್ಬಿಸಿದರು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಅಷ್ಟರಲ್ಲಿ ಊರೂರಲ್ಲಿ ಗಲಭೆಯಾಗಿ, ರಾದರಂ ಹತ್ತಿರ ಆಶ್ರಯ ಕೇಳಿ ಬಂದವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೋದರು. ಹತ್ತು ದಿನದೊಳಗೆ ಗಲಭೆಕೋರರಿಗೆ ಜೈಲು ಶಿಕ್ಷೆ ಬರತೊಡಗಿತು. ‘ನೋಡಿ, ಬಿಳಿಯರಿಗೆ ಮಾತ್ರ ಇಷ್ಟು ಆತುರ’ ಅನ್ನೋ ಮಾತು ಹುಟ್ಟಿದ್ದು ಆಗ.

ಆದರೆ 2011ರ ಆಗಸ್ಟ್ ನೆನಪಿದ್ದವರಿಗೆ ಆ ಮಾತು ಒಪ್ಪಿಗೆಯಾಗಲ್ಲ. ಲಂಡನ್ನಿನ ಟಾಟನಂನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಕಪ್ಪು ಗಂಡಸು ಸತ್ತ ಮೇಲೆ ಎದ್ದ ಗಲಭೆ ಅದು. ಆಗಲೂ ರಾತ್ರಿಯೆಲ್ಲ ಕೋರ್ಟು ನಡೆಯಿತು. ಮೂರೂವರೆ ಪೌಂಡಿನ ನೀರಿನ ಬಾಟಲಿಗಳನ್ನು ಕದ್ದ ಒಬ್ಬ ವಿದ್ಯಾರ್ಥಿಗೆ ಆರು ತಿಂಗಳು ಜೈಲು ವಿಧಿಸಿದರು. ಆಗ ಸರ್ಕಾರಿ ಪ್ರಾಸಿಕ್ಯೂಷನ್ನಿನ ಮುಖ್ಯಸ್ಥರು ಯಾರು ಗೊತ್ತಾ? ಕಿಯರ್ ಸ್ಟಾರ್ಮರ್. 2024ರಲ್ಲಿ ಪ್ರಧಾನಿಯಾಗಿದ್ದವರೂ ಅವರೇ. ಗಲಭೆ ಅಂದರೆ ಈ ದೇಶಕ್ಕೆ ಮೊದಲಿಂದಲೂ ಆತುರ.

ಇನ್ನು ವದಂತಿಯ ವಿಷಯಕ್ಕೆ ದೂರ ಹೋಗಬೇಕಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಲೆಸ್ಟರ್‌ನಲ್ಲೇ ಹಿಂದೂ ಮುಸ್ಲಿಂ ಹುಡುಗರು ಬೀದಿಗಿಳಿದರು. ಹುಡುಗಿಯನ್ನು ಹೊತ್ತುಕೊಂಡು ಹೋಗಲು ನೋಡಿದರು ಅಂತ ಒಂದು ಸುದ್ದಿ ಓಡಾಡಿತು. ಅಂಥದ್ದೇನೂ ನಡೆದಿಲ್ಲ ಅಂತ ಪೊಲೀಸರು ಹೇಳುವ ಹೊತ್ತಿಗೆ ಅದು ಊರನ್ನೆಲ್ಲ ಸುತ್ತಿ ಬಂದಿತ್ತು. ನನ್ನ ಫೋನಿಗೆ ಅದನ್ನು ಕಳಿಸಿದ್ದು ಓದಿದ, ಒಳ್ಳೆಯ ಕೆಲಸದಲ್ಲಿರುವ ನಮ್ಮ ಕನ್ನಡದವರೇ ಒಬ್ಬರು. ಕ್ಷಮೆ ಕೇಳಿದರು, ಇಲ್ಲ ಅನ್ನಲ್ಲ. ಆದರೆ ಮೆಸೇಜ್ ಅಳಿಸಲಿಲ್ಲ.

ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ನಾಲ್ಕು ವರ್ಷ. ಒಂದು ಪೈಸೆ ತೆರಿಗೆ ತಪ್ಪಿಸಿಲ್ಲ. ಈಗ ಕಾಯಂ ವಾಸಕ್ಕೆ 5 ವರ್ಷದ ಬದಲು 10 ವರ್ಷ ಕಾಯಬೇಕು ಅಂತಾರೆ. ದೋಣಿಯಲ್ಲಿ ನುಗ್ಗಿದವರಿಗೆ ಹೋಟೆಲು, ನಮಗೆ ಈ ಶಿಕ್ಷೆ. ಇದು ಸಮಾನತೆನಾ ಅಕ್ಕಾ?
— ಸಾಫ್ಟ್‌ವೇರ್ ಕೆಲಸದವ, ರೆಡಿಂಗ್

ತಮ್ಮಾ, ನಿಮ್ಮ ಸಿಟ್ಟಿನಲ್ಲಿ ಎರಡು ದೂರು ಗಂಟು ಬಿದ್ದಿವೆ. ಬಿಡಿಸೋಣ.

ಹೋಟೆಲಿನಲ್ಲಿರುವವರಿಗೆ ಊಟ ಕೊಡುತ್ತಾರೆ. ಕೈಗೆ ಕೊಡೋದು ವಾರಕ್ಕೆ 10 ಪೌಂಡಿಗೂ ಕಡಿಮೆ. ಸಾಮಾನ್ಯವಾಗಿ ಕೆಲಸ ಮಾಡುವ ಹಾಗಿಲ್ಲ. ನಿಮ್ಮ ರೆಡಿಂಗ್‌ನಲ್ಲಿ ಅಷ್ಟಕ್ಕೆ ಒಂದು ಹೊತ್ತು ಮಸಾಲೆದೋಸೆ ಬಂದರೆ ಹೆಚ್ಚು. ಆ ಹೋಟೆಲುಗಳಿಗೆ ಸರ್ಕಾರ ಸುರಿಯುವ ದುಡ್ಡು ಹಾಳು ಅನ್ನೋದನ್ನು ನಾನೂ ಒಪ್ಪುತ್ತೇನೆ. ಅದು ಆಶ್ರಯದ ಅರ್ಜಿಗಳನ್ನು ವರ್ಷಗಟ್ಟಲೆ ಕೊಳೆಯಲು ಬಿಟ್ಟದ್ದರ ಫಲ. ಆದರೆ ನಿಮ್ಮ 5 ವರ್ಷ 10 ಆಗುವ ಮಾತು ದೋಣಿಯಿಂದ ಬಂದದ್ದಲ್ಲ. 2022ರಲ್ಲಿ ದೋಣಿಯಲ್ಲಿ ಬಂದವರು 45,000 ಚಿಲ್ಲರೆ. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ದೇಶಕ್ಕೆ ಬಂದವರಲ್ಲಿ ಹೋದವರನ್ನು ಕಳೆದು ಉಳಿದವರು ಒಂಬತ್ತು ಲಕ್ಷದ ಮೇಲೆ. ಅವರಲ್ಲಿ ಹೆಚ್ಚಿನವರು ವೀಸಾ ಹಿಡಿದು ಬಂದ ವಿದ್ಯಾರ್ಥಿಗಳು, ಕೇರ್ ಹೋಮ್ ಕೆಲಸದವರು, ನಿಮ್ಮಂಥವರು. ಈ 10 ವರ್ಷದ ಮಾತು ಎತ್ತಿದ, 2025ರ ಮೇ ತಿಂಗಳ ಸರ್ಕಾರಿ ಶ್ವೇತಪತ್ರ ನೋಡುತ್ತಿದ್ದದ್ದು ಈ ಲೆಕ್ಕವನ್ನು.

ನಿಮ್ಮ ಎರಡನೆಯ ದೂರು ಮಾತ್ರ ನ್ಯಾಯವಾದದ್ದು. ಆಟದ ಮಧ್ಯೆ ನಿಯಮ ಬದಲಿಸೋದು ಸರಿಯಲ್ಲ. ನೀವು ಎನ್‌ಎಚ್‌ಎಸ್‌ಗೆ, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಗೆ ಅಂತ ವರ್ಷಕ್ಕೆ 1,035 ಪೌಂಡ್ ಬೇರೆ ಕಟ್ಟುತ್ತೀರಿ, ಸಂಬಳದ ತೆರಿಗೆ ಬೇರೆ. ಇದು ಹೊಸದೂ ಅಲ್ಲ. 2006ರಲ್ಲಿ ಹೀಗೇ ಆಗಿತ್ತು. ಎಚ್‌ಎಸ್‌ಎಂಪಿ ಅನ್ನೋ ಪರಿಣಿತರ ವೀಸಾದಲ್ಲಿ ಬಂದವರಿಗೆ ಕಾಯಂ ವಾಸಕ್ಕೆ ನಾಲ್ಕು ವರ್ಷ ಅಂದದ್ದನ್ನು ಐದು ಮಾಡಿದರು, ಆಮೇಲೆ ಅಂಕಗಳ ಲೆಕ್ಕವನ್ನೇ ಬದಲಿಸಿದರು. ಊರಲ್ಲಿ ಮನೆ ಮಾರಿ ಬಂದವರು ಕಂಗಾಲು. ನಮ್ಮ ಮನೆಗೆ ಬಂದುಹೋಗುತ್ತಿದ್ದ ಒಂದು ಸಂಸಾರ ಸೂಟ್‌ಕೇಸ್ ಕಟ್ಟಿಯೇ ಆರು ತಿಂಗಳು ಕಳೆಯಿತು. ಅವರು ರಸ್ತೆಗಿಳಿದು ಕಲ್ಲು ಹೊಡೆಯಲಿಲ್ಲ. ಎಚ್‌ಎಸ್‌ಎಂಪಿ ಫೋರಂ ಅಂತ ಕಟ್ಟಿಕೊಂಡು ಹೈಕೋರ್ಟಿಗೆ ಹೋದರು. 2008ರ ಏಪ್ರಿಲ್‌ನಲ್ಲಿ ಕೋರ್ಟು ಸರ್ಕಾರಕ್ಕೆ ಹೇಳಿತು: ಆಗಲೇ ಬಂದವರಿಗೆ ಹೀಗೆ ಮಾಡೋದು ಅನ್ಯಾಯ. ನಾಲ್ಕು ಐದರ ಜಗಳದಲ್ಲೂ 2009ರಲ್ಲಿ ಅವರೇ ಗೆದ್ದರು. ಹೋಟೆಲಿನವರನ್ನು ಬೈಯೋ ಹೊತ್ತಿನಲ್ಲಿ ನಿಮ್ಮ ಎಂಪಿಗೆ ಒಂದು ಕಾಗದ ಬರೆಯಿರಿ. ಭಾರತದ ಪಾಸ್‌ಪೋರ್ಟ್ ಇದ್ದರೂ ನೀವು ಅವರ ಮತದಾರ. ಹೇಗೆ ಅಂತ ಮುಂದಿನ ಉತ್ತರದಲ್ಲಿದೆ.

ಮಗಳು ಮಿಲ್ಟನ್ ಕೀನ್ಸ್‌ನಲ್ಲಿ ಆರು ವರ್ಷದಿಂದ ಇದ್ದಾಳೆ. ಅಕ್ಕಪಕ್ಕದ ಇಂಗ್ಲಿಷಿನವರ ಹೆಸರು ಕೂಡ ಗೊತ್ತಿಲ್ಲ. ಯುಗಾದಿ, ರಾಜ್ಯೋತ್ಸವ ಎಲ್ಲ ಜೋರು. ಆ ದೇಶಕ್ಕೆ ಹೊಂದಿಕೊಳ್ಳೋದು ಅಂದ್ರೆ ಏನಮ್ಮಾ, ಸ್ಕರ್ಟ್ ಹಾಕ್ಕೊಳ್ಳೋದಾ?
— ಒಬ್ಬ ತಾಯಿ, ದಾವಣಗೆರೆ

ಸ್ಕರ್ಟಿಗೂ ಅದಕ್ಕೂ ಸಂಬಂಧ ಇಲ್ಲಮ್ಮ. ಲೆಸ್ಟರ್‌ಗೆ ಬಂದು ನಾನು ಮೊದಲು ಕಲಿತದ್ದು ಇಂಗ್ಲಿಷಲ್ಲ, ಗುಜರಾತಿ! ತರಕಾರಿ ಅಂಗಡಿಯವರಿಂದ ಡಾಕ್ಟರವರೆಗೆ ಎಲ್ಲರೂ ಅದೇ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ, ‘ದಯವಿಟ್ಟು ಲೆಸ್ಟರ್‌ಗೆ ಬರಬೇಡಿ’ ಅನ್ನೋ ಅರ್ಥದ ಜಾಹೀರಾತನ್ನು ಇಲ್ಲಿನ ಕೌನ್ಸಿಲ್ ಅಲ್ಲಿನ ಪೇಪರಿನಲ್ಲಿ ಹಾಕಿಸಿತ್ತು. ಅದನ್ನು ಓದಿಯೇ ಲೆಸ್ಟರ್ ಅನ್ನೋ ಊರಿದೆ ಅಂತ ಗೊತ್ತಾಯಿತು ಅಂತ ಹಳಬರು ನಗುತ್ತಾರೆ. ಈಗ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 2021ರ ಜನಗಣತಿಯಲ್ಲಿ ಇಲ್ಲಿ ಬಿಳಿಯರೂ ಅರ್ಧಕ್ಕಿಂತ ಕಡಿಮೆ, ಏಷ್ಯನ್ನರೂ ಅರ್ಧಕ್ಕಿಂತ ಕಡಿಮೆ.

ನನ್ನನ್ನು ಈ ಊರಿನವಳನ್ನಾಗಿ ಮಾಡಿದ್ದು ಎರಡು. ಒಂದು ಕಸ. ಯಾವ ದಿನ ಯಾವುದನ್ನು ಹೊರಗಿಡಬೇಕು ಅಂತ ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿ ಹೇಳಿಕೊಟ್ಟರು, ಸ್ವಲ್ಪ ಗದರಿಸಿಯೇ. ಅದರ ಮಾರನೇ ವಾರ ನಾನು ಚಿತ್ರಾನ್ನ ಕೊಟ್ಟೆ. ಕರಿಬೇವನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು ತಿಂದರು.

ಇನ್ನೊಂದು, ಕೋರ್ಟಿನ ಕಾಗದ. ಬ್ರಿಟನ್ನಿನಲ್ಲಿ ವೀಸಾ ಹಿಡಿದು ವಾಸವಿರುವ ಭಾರತೀಯರು ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟು ಹಾಕಬಹುದು, ಕಾಮನ್‌ವೆಲ್ತ್ ದೇಶದವರು ಅಂತ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ವೋಟರ್ ಪಟ್ಟಿಯಲ್ಲಿ ಹೆಸರಿದ್ದು ಐದು ವರ್ಷ ವಾಸವಾಗಿದ್ದರೆ, ಕೋರ್ಟಿನಲ್ಲಿ ಆರೋಪಿಯ ತಪ್ಪು ಒಪ್ಪು ತೀರ್ಮಾನಿಸುವ ಜ್ಯೂರಿಗೂ ಕರೆ ಬರಬಹುದು. ನನಗೆ ಬಂದದ್ದು 2003ರಲ್ಲಿ. ಆಗಿನ್ನೂ ನನ್ನದು ನೀಲಿ ಪಾಸ್‌ಪೋರ್ಟು, ನಮ್ಮ ದೇಶದ್ದು. ಲಕೋಟೆ ಒಡೆದ ಯಜಮಾನರು ‘ಏನು ಮಾಡ್ಕೊಂಡೆ?’ ಅಂತ ಬೆವರಿದರು. ಪ್ರಮಾಣ ಮಾಡಲು ಯಾವ ಗ್ರಂಥ ಬೇಕು ಅಂತ ಕೋರ್ಟಿನ ಹುಡುಗಿ ಕೇಳಿದಳು. ಗೀತೆ ಅಂದೆ. ಬಟ್ಟೆಯಲ್ಲಿ ಸುತ್ತಿದ್ದನ್ನು ತಂದಳು, ಬರಿಗೈಲಿ ಮುಟ್ಟಲೇ ಇಲ್ಲ. ಹನ್ನೆರಡು ಜನ ಕೂತೆವು: ಬಸ್ ಡ್ರೈವರ್, ಕೂದಲಿಗೆ ನೇರಳೆ ಬಣ್ಣ ಬಳಿದ ಹುಡುಗಿ, ಒಬ್ಬ ಸರ್ದಾರ್ಜಿ, ಬೂಟಿಗೆ ಸಗಣಿ ಮೆತ್ತಿದ್ದ ರೈತ, ಇಂಥವರೇ. ಎದುರಿಗೆ ಕಟಕಟೆಯಲ್ಲಿ ನಿಂತಿದ್ದವನು ಇಂಗ್ಲಿಷಿನವನು. ಸಾಗರದವಳು ಅವನ ತಪ್ಪು ಒಪ್ಪು ಹೇಳಬೇಕು. ಕೈ ತಣ್ಣಗಾಗಿತ್ತು. ಒಳಗೆ ಏನು ಮಾತಾಡಿದೆವು ಅಂತ ಮಾತ್ರ ಕೇಳಬೇಡಿ. ಹೊರಗೆ ಹೇಳಿದರೆ ನನ್ನನ್ನೇ ಒಳಗೆ ಹಾಕುತ್ತಾರೆ.

ನಿಮ್ಮ ಮಗಳು ರಾಜ್ಯೋತ್ಸವ ಬಿಡಬೇಕಿಲ್ಲ. ವೋಟರ್ ಪಟ್ಟಿಗೆ ಹೆಸರು ಹಾಕಿಸಲಿ. ಪಕ್ಕದ ಮನೆಗೆ ಒಬ್ಬಟ್ಟು ಕೊಡಲಿ, ಹೆಸರು ಆಗಲೇ ಕೇಳಿಕೊಳ್ಳಬಹುದು.

ಮಗನನ್ನು ನೋಡಲು ಮುಂದಿನ ತಿಂಗಳು ಲಂಡನ್ನಿಗೆ ಹೊರಟಿದ್ದೇವೆ. ಎರಡು ಕೇಜಿ ಕುಂದಾ, ಒಂದು ಡಬ್ಬಿ ತುಪ್ಪ, ಸೊಸೆಯ ಕೈಚೀಲಕ್ಕೆ ಪೆಪ್ಪರ್ ಸ್ಪ್ರೇ ತರಬಹುದಾ?
— ಹಿರಿಯ ದಂಪತಿ, ಬೆಳಗಾವಿ

ಮೂರೂ ಬೇಡ. ಪೆಪ್ಪರ್ ಸ್ಪ್ರೇಗೆ ಇಲ್ಲಿ ಬಂದೂಕಿನ ಕಾಯ್ದೆ ಅಂಟುತ್ತದೆ. ಇಟ್ಟುಕೊಂಡರೇ ಅಪರಾಧ, ಸೊಸೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಕುಂದಾ, ತುಪ್ಪ, ಪೇಡ ಎಲ್ಲ ಅದರಲ್ಲೇ ಬಂತು. ‘ಪಕ್ಕದವರನ್ನು ಬಿಟ್ಟರಲ್ಲ’ ಅಂತ ಕಸ್ಟಮ್ಸ್‌ನವರ ಹತ್ತಿರ ವಾದ ಮಾಡಬೇಡಿ. ನಾನು ಮಾಡಿದ್ದೆ. ಪಕ್ಕದವರದ್ದನ್ನೂ ತೆಗೆಸಿದರು. ಶೇಂಗಾ ಚಟ್ನಿಪುಡಿ ತನ್ನಿ, ಅದಕ್ಕೆ ತೊಂದರೆ ಇಲ್ಲ.